ಬೀಜದ ಕುದುರೆ ಬಂತು, ಸವಾರ ಹೋದ

ರಾಣೆಬೆನ್ನೂರಿನ ಜನಕ್ಕೆ ಒಂದು ಪ್ರಶ್ನೆ. ನಿಮ್ಮೂರಿನ ಕೋಟೆ ಹಿಡಿದ ಮನುಷ್ಯನೇ ಮುಂದೆ ನೆಪೋಲಿಯನ್‌ನನ್ನೂ ಸೋಲಿಸಿದ ಅನ್ನೋದು ಗೊತ್ತಾ?

1800ರ ಜೂನ್ ತಿಂಗಳು. ಟಿಪ್ಪು ಸತ್ತು ಒಂದು ವರ್ಷ ಕಳೆದಿತ್ತು. ಕರ್ನಲ್ ಆರ್ಥರ್ ವೆಲ್ಲೆಸ್ಲಿ ಎಂಬ ಇಂಗ್ಲಿಷ್ ಅಧಿಕಾರಿ ಹರಿಹರದ ಹತ್ತಿರ ತುಂಗಭದ್ರೆ ದಾಟಿ ಬಂದು ರಾಣೆಬೆನ್ನೂರಿನ ಕೋಟೆಯನ್ನು ವಶ ಮಾಡಿಕೊಂಡ. ಅವನಿಗೆ ಕೋಟೆ ಮುಖ್ಯವಾಗಿರಲಿಲ್ಲ. ಅವನು ಬೆನ್ನು ಹತ್ತಿದ್ದು ಧೋಂಡಿಯಾ ವಾಘ್‌ನನ್ನು. ಚನ್ನಗಿರಿಯಲ್ಲಿ ಹುಟ್ಟಿದವನು, ಟಿಪ್ಪುವಿನ ಸೆರೆಮನೆಯಲ್ಲಿದ್ದವನು, ಶ್ರೀರಂಗಪಟ್ಟಣ ಬಿದ್ದ ದಿನಗಳಲ್ಲಿ ಹೊರಬಂದು, ಚದುರಿ ಹೋಗಿದ್ದ ಸವಾರರನ್ನೆಲ್ಲ ಕೂಡಿಸಿ ಪಡೆ ಕಟ್ಟಿದವನು. ತನಗೆ ತಾನೇ ಕೊಟ್ಟುಕೊಂಡ ಬಿರುದು ಏನು ಗೊತ್ತಾ? ಉಭಯಲೋಕಾಧೀಶ್ವರ! ಎರಡೂ ಲೋಕಕ್ಕೆ ಒಡೆಯ.

ಈ ಒಡೆಯನನ್ನು ಹಿಡಿಯೋಕೆ ವೆಲ್ಲೆಸ್ಲಿಗೆ ಮೂರು ತಿಂಗಳು ಹಿಡಿಯಿತು. ಯಾಕೆ? ಧೋಂಡಿಯಾ ಕುದುರೆ ಮೇಲಿದ್ದ. ಕಂಪನಿಯ ಸೈನ್ಯ ಕಾಲ್ನಡಿಗೆಯಲ್ಲಿ, ಎತ್ತಿನ ಬಂಡಿಗಳ ಜೊತೆ ಬರ್ತಾ ಇತ್ತು. ಕೊನೆಗೆ ಸೆಪ್ಟೆಂಬರ್ 10ರಂದು ಕೋಣಗಲ್ ಎಂಬಲ್ಲಿ ವೆಲ್ಲೆಸ್ಲಿ ಕಾಲಾಳುಗಳನ್ನು ಹಿಂದೆ ಬಿಟ್ಟ. ನಾಲ್ಕು ಕುದುರೆ ರೆಜಿಮೆಂಟುಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ, ತಾನೇ ಮುಂದೆ ನಿಂತು ನುಗ್ಗಿದ. ಧೋಂಡಿಯಾ ಅಲ್ಲೇ ಸತ್ತ. ಕುದುರೆಯನ್ನು ಸೋಲಿಸೋಕೆ ಕುದುರೆಯೇ ಬೇಕಾಯ್ತು.

ಹದಿನೈದು ವರ್ಷದ ನಂತರ ಇದೇ ವೆಲ್ಲೆಸ್ಲಿ, ಡ್ಯೂಕ್ ಆಫ್ ವೆಲಿಂಗ್ಟನ್ ಎಂಬ ಹೆಸರಿನಲ್ಲಿ ವಾಟರ್ಲೂ ಯುದ್ಧ ಗೆದ್ದ. ಅವತ್ತು ಇಡೀ ದಿನ ಅವನು ಕೂತಿದ್ದ ಕುದುರೆಯ ಹೆಸರು ಕೋಪನ್‌ಹೇಗನ್. ಅದು ಎಕ್ಲಿಪ್ಸ್ ಎಂಬ ಗಂಡು ಕುದುರೆಯ ಮೊಮ್ಮಗ. ಈ ಎಕ್ಲಿಪ್ಸ್ ಯಾರು ಅಂದರೆ, ಇಂಗ್ಲಿಷ್ ಥರೋಬ್ರೆಡ್ ಕುಲದ ಕುಲಪುರುಷರಲ್ಲಿ ಒಬ್ಬ. ನಾನು ಇವತ್ತು ಹೇಳಬೇಕು ಅಂದುಕೊಂಡಿರೋದು ಆ ಕುಲದ ಕಥೆ. ಬ್ರಿಟಿಷರು ಆ ತಳಿಯ ಗಂಡು ಕುದುರೆಗಳನ್ನು ಹಡಗಿನಲ್ಲಿ ತಂದು ನಮ್ಮ ರೈತರ ಮುಂದೆ ನಿಲ್ಲಿಸಿದರು. ಪುಕ್ಕಟೆ! ಆದರೂ ಅದು ನಮ್ಮ ನೆಲಕ್ಕೆ ಯಾಕೆ ಇಳಿಯಲಿಲ್ಲ ಅನ್ನೋದೇ ಪ್ರಶ್ನೆ.

ಮೊದಲು ಒಂದು ಮಾತು ಸ್ಪಷ್ಟ ಮಾಡ್ತೀನಿ. ಥರೋಬ್ರೆಡ್ ಅಂದರೆ ಅಪ್ಪಟ ಇಂಗ್ಲಿಷ್ ಅಂತ ತಿಳಿದಿದ್ದೀರಾ? ಅಲ್ಲ. ಇವತ್ತು ಜಗತ್ತಿನ ಯಾವ ರೇಸ್‌ಕೋರ್ಸಿನಲ್ಲೇ ನೋಡಿ, ಅಲ್ಲಿ ಓಡುವ ಥರೋಬ್ರೆಡ್ಡಿನ ಗಂಡು ವಂಶವನ್ನು ಹಿಡಿದು ಹಿಂದಕ್ಕೆ ಹೋದರೆ ಮೂರೇ ಮೂರು ಕುದುರೆ ಸಿಗುತ್ತವೆ. ಬೈಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್. ಮೂರೂ ಪೂರ್ವದಿಂದ ಇಂಗ್ಲೆಂಡಿಗೆ ಹೋದವು. ಅಲ್ಲಿನ ಹೆಣ್ಣು ಕುದುರೆಗಳ ಜೊತೆ ಕೂಡಿಸಿ, ಓಟದಲ್ಲಿ ಗೆದ್ದದ್ದನ್ನೇ ಆರಿಸಿ ಆರಿಸಿ ಈ ತಳಿ ಮಾಡಿದರು. 1790ರ ದಶಕದಲ್ಲಿ ವೆದರ್ಬಿ ಎಂಬಾತ ವಂಶಾವಳಿಯ ಪುಸ್ತಕವನ್ನೇ ಅಚ್ಚು ಹಾಕಿಸಿದ. ಆ ಪುಸ್ತಕದಲ್ಲಿ ಹೆಸರಿಲ್ಲದಿದ್ದರೆ ಕುದುರೆಗೆ ಜಾತಿ ಸರ್ಟಿಫಿಕೇಟ್ ಇಲ್ಲ! ಈ ತಳಿಯಲ್ಲಿ ಇವತ್ತಿಗೂ ಕೃತಕ ಗರ್ಭಧಾರಣೆಗೆ ಅವಕಾಶವಿಲ್ಲ. ಗಂಡು ಇರುವಲ್ಲಿಗೆ ಹೆಣ್ಣು ಹೋಗಲೇಬೇಕು.

ಇನ್ನು ನಮ್ಮ ಕಡೆ ಬನ್ನಿ. ಹಾವೇರಿ ಜಿಲ್ಲೆಗೆ ಕುದುರೆ ಹೊಸದೇನಲ್ಲ. ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ 1965ರಲ್ಲಿ ಎಂ.ಎಸ್. ನಾಗರಾಜರಾವ್ ಉತ್ಖನನ ಮಾಡಿದರು. ಅಲ್ಲಿ ಸಿಕ್ಕ ಮೂಳೆಗಳಲ್ಲಿ ಕೆಲವು ಕುದುರೆಯವು ಎಂದು ಕೆ.ಆರ್. ಆಲೂರ್ ಗುರುತಿಸಿದರು. ಮೂರು ಸಾವಿರ ವರ್ಷಕ್ಕೂ ಹಳೆಯ ಪದರ ಅದು. ವಿದ್ವಾಂಸರು ಅದರ ಮೇಲೆ ದೊಡ್ಡ ವಾದವನ್ನೇ ನಡೆಸಿದ್ದಾರೆ. ಆ ವಾದ ಅವರಿಗೆ ಬಿಡೋಣ. ನಮಗೆ ಬೇಕಾದ ವಿಷಯ ಬೇರೆ. ಕುದುರೆ ಗೊತ್ತಿತ್ತು, ಆದರೆ ಯುದ್ಧಕ್ಕೆ ಬೇಕಾಗುವ ದೊಡ್ಡ ಕುದುರೆಯನ್ನು ದಕ್ಷಿಣದ ಅರಸರು ಸದಾ ಹೊರಗಿನಿಂದಲೇ ತರಿಸಿದರು. ಕೃಷ್ಣದೇವರಾಯ ವರ್ಷಕ್ಕೆ ಹದಿಮೂರು ಸಾವಿರ ಕುದುರೆ ಕೊಳ್ಳುತ್ತಿದ್ದ ಅಂತ ಪೋರ್ಚುಗೀಸ್ ವರ್ತಕ ನೂನಿಜ್ ಬರೆದಿದ್ದಾನೆ. ಅದಕ್ಕೂ ಮುಂಚೆ ಸಾಳುವ ನರಸಿಂಹ ಹಡಗಿನಲ್ಲಿ ಸತ್ತ ಕುದುರೆಗೂ ದುಡ್ಡು ಕೊಡುತ್ತಿದ್ದನಂತೆ. ಬಾಲ ತಂದು ತೋರಿಸಿದರೆ ಸಾಕು! ಹೊನ್ನೆಲ್ಲ ಹರ್ಮುಜ್‌ಗೆ, ಗೋವಾಕ್ಕೆ ಹರಿದು ಹೋಯಿತು.

ಕಂಪನಿ ಸರ್ಕಾರಕ್ಕೂ ಇದೇ ತಲೆನೋವು. ಕುದುರೆ ಇಲ್ಲದೆ ಇಷ್ಟು ದೊಡ್ಡ ದೇಶ ಹಿಡಿದಿಡೋದು ಹೇಗೆ? 1795ರ ಹೊತ್ತಿಗೆ ಬಿಹಾರದ ಪೂಸಾದಲ್ಲಿ ಕುದುರೆ ತಳಿ ಕೇಂದ್ರ ತೆರೆದರು. ಪೂಸಾ ಹೆಸರು ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಕೃಷಿ ಸಂಶೋಧನಾ ಸಂಸ್ಥೆ ಮೊದಲು ಹುಟ್ಟಿದ್ದು ಅದೇ ಜಾಗದಲ್ಲಿ. ಬಿಹಾರದ ಭೂಕಂಪದ ಮೇಲೆ ಸಂಸ್ಥೆ ದೆಹಲಿಗೆ ಹೋಯಿತು, ಹೆಸರನ್ನೂ ಹೊತ್ತುಕೊಂಡು ಹೋಯಿತು. ಇವತ್ತು ರೈತರು ಬಿತ್ತುವ ಎಷ್ಟೋ ತಳಿಗಳ ಹೆಸರಿನ ಹಿಂದಿರುವ ಪೂಸಾ, ಮೊದಲು ಕುದುರೆ ಲಾಯದ ಊರು.

1808ರಲ್ಲಿ ಅಲ್ಲಿಗೆ ಬಂದವನು ವಿಲಿಯಂ ಮೂರ್‌ಕ್ರಾಫ್ಟ್. ಪಶುವೈದ್ಯ ಕಲಿಯೋಕೆ ಫ್ರಾನ್ಸಿಗೆ ಹೋದ ಮೊದಲ ಇಂಗ್ಲಿಷಿನವನು. ಇವನಿಗೆ ಒಂದೇ ಹುಚ್ಚು, ಒಳ್ಳೆಯ ಗಂಡು ಕುದುರೆ ಬೇಕು. ಮಧ್ಯ ಏಷ್ಯಾದ ಗಟ್ಟಿ ಮೂಳೆಯ ಕುದುರೆ ಬೇಕು ಅಂತ 1812ರಲ್ಲಿ ಗೋಸಾಯಿ ವೇಷ ಹಾಕಿ ಹಿಮಾಲಯ ದಾಟಿ ಮಾನಸ ಸರೋವರದವರೆಗೆ ಹೋದ. ಆಮೇಲೆ ಲಡಾಖ್, ಕಾಬೂಲ್ ದಾಟಿ ಬುಖಾರಾ ಮುಟ್ಟಿದ. ಕೇಳಿದಷ್ಟು ಕುದುರೆ ಅಲ್ಲಿ ಸಿಗಲಿಲ್ಲ. 1825ರಲ್ಲಿ ವಾಪಸ್ ಬರುವ ದಾರಿಯಲ್ಲಿ ಅಫ್ಘಾನಿಸ್ತಾನದಲ್ಲಿ ಸತ್ತ. ಒಂದು ಬೀಜದ ಕುದುರೆಗಾಗಿ ಪ್ರಾಣ ಕೊಟ್ಟ ಮನುಷ್ಯ!

ಇಷ್ಟೆಲ್ಲ ಆದ ಮೇಲೂ ಲೆಕ್ಕ ಕೂಡಲಿಲ್ಲ. ಕಾಸು ನುಂಗುವ ಈ ಕೇಂದ್ರಗಳನ್ನು 1870ರ ದಶಕದಲ್ಲಿ ಸರ್ಕಾರವೇ ಮುಚ್ಚಿತು. ಆಗ ಹೊಸ ಯೋಜನೆ ಬಂತು. ಸರ್ಕಾರ ಕುದುರೆ ಸಾಕೋದು ಬೇಡ, ರೈತನೇ ಸಾಕಲಿ. ಸರ್ಕಾರ ಬರೀ ಗಂಡು ಕುದುರೆ ಕೊಡಲಿ. ಥರೋಬ್ರೆಡ್, ಅರಬ್ಬಿ, ನಾರ್ಫೋಕ್ ಟ್ರಾಟರ್ ಎಂಬ ತಳಿಗಳ ಗಂಡುಗಳನ್ನು ಜಿಲ್ಲೆಗಳಿಗೆ ಕಳಿಸಿದರು. ರೈತ ತನ್ನ ಹೆಣ್ಣು ಕುದುರೆಯನ್ನು ತೋರಿಸಬೇಕು. ಅಧಿಕಾರಿ ಒಪ್ಪಿದರೆ ಅದಕ್ಕೆ ಮುದ್ರೆ ಒತ್ತುತ್ತಾನೆ. ಆಮೇಲೆ ಸರ್ಕಾರಿ ಗಂಡಿನ ಸೇವೆ ಉಚಿತ. ಮರಿ ರೈತನದ್ದು. ಜಾತ್ರೆಯಲ್ಲಿ ಒಳ್ಳೆಯ ಮರಿಗೆ ಬಹುಮಾನ. ದೊಡ್ಡದಾದ ಮೇಲೆ ಸೈನ್ಯದವರು ಬಂದು ಕೊಳ್ಳುತ್ತಾರೆ.

ಕಾಗದದ ಮೇಲೆ ಎಷ್ಟು ಚಂದ ನೋಡಿ! ಈಗ ರೈತನ ಜಾಗದಲ್ಲಿ ನಿಂತು ಲೆಕ್ಕ ಹಾಕೋಣ. ಹೆಣ್ಣು ಕುದುರೆ ಹನ್ನೊಂದು ತಿಂಗಳು ಗರ್ಭ ಹೊರುತ್ತದೆ. ಹುಟ್ಟಿದ ಮರಿ ಸೈನ್ಯಕ್ಕೆ ಬರೋಕೆ ನಾಲ್ಕು ವರ್ಷ. ಅಲ್ಲಿಯವರೆಗೆ ಹುರುಳಿ ಯಾರು ಹಾಕಬೇಕು? ರೈತ. ಬರ ಬಂದರೆ? ರೈತ. ಐದು ವರ್ಷ ಸಾಕಿದ ಮೇಲೆ ಸೈನ್ಯದ ಅಧಿಕಾರಿ ಬಂದು ಎತ್ತರ ಸಾಲದು, ಕಾಲು ಸಪೂರ ಅಂತ ಹೇಳಿ ಹೋದರೆ? ಆ ಎತ್ತರದ ಕುದುರೆಯನ್ನು ನೇಗಿಲಿಗೆ ಕಟ್ಟೋಕಾಗಲ್ಲ. ಸಂತೆಗೆ ಹೇರು ಹೊರೋಕೆ ಜವಾರಿ ತಟ್ಟುವೇ ವಾಸಿ. ತಟ್ಟು ಸಿಕ್ಕಿದ್ದು ಮೇಯ್ದು ಬದುಕುತ್ತೆ.

ಇದನ್ನು ರಾಣೆಬೆನ್ನೂರಿನವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಅದು ಬೀಜದ ಊರು. ಕಂಪನಿ ಬೀಜ ಒಳ್ಳೆಯದೇ, ಆದರೆ ನೀರು, ಗೊಬ್ಬರ, ಔಷಧಿ, ಕೊನೆಗೆ ಮಾರುಕಟ್ಟೆ, ನಾಲ್ಕೂ ಬೇಕು. ಒಂದು ತಪ್ಪಿದರೂ ಜವಾರಿ ಬೀಜ ಬಿತ್ತಿದವನೇ ಗೆದ್ದ. ಥರೋಬ್ರೆಡ್ ಗಂಡು ಕುದುರೆ ಆ ಕಾಲದ ಕಂಪನಿ ಬೀಜ.

ಇನ್ನೊಂದು ಏಟು ಕೊಟ್ಟವರು ಸ್ವತಃ ಬ್ರಿಟಿಷರೇ. 1818ಕ್ಕೆ ಪೇಶ್ವೆಗಳ ಆಳ್ವಿಕೆ ಮುಗಿಯಿತು. ಧಾರವಾಡ ಸೀಮೆ ಕಂಪನಿಗೆ ಸೇರಿತು, ರಾಣೆಬೆನ್ನೂರು, ಹಾವೇರಿ, ಬ್ಯಾಡಗಿ ಎಲ್ಲ ಅದರೊಳಗೆ. ಅಲ್ಲಿಯವರೆಗೆ ಮರಾಠಾ ಸೈನ್ಯದಲ್ಲಿ ಸಿಲ್ಲೇದಾರ ಪದ್ಧತಿ ಇತ್ತು. ಸಿಲ್ಲೇದಾರ ಅಂದರೆ ಸ್ವಂತ ಕುದುರೆ ತಂದು ಚಾಕರಿ ಮಾಡುವವನು. ಮನೆಯಲ್ಲಿ ಒಂದು ಹೆಣ್ಣು ಕುದುರೆ ಇದ್ದರೆ ಮಗನಿಗೆ ಕೆಲಸ ಇದ್ದ ಹಾಗೆ. ಭೀಮಾ ನದಿ ದಂಡೆಯ ಭೀಮಥಡಿ ಕುದುರೆ ಬೆಳೆದದ್ದು ಹೀಗೆ. ಎತ್ತರ ಕಡಿಮೆ, ತಾಕತ್ತು ಜಾಸ್ತಿ. ಆ ಸೈನ್ಯವೇ ಇಲ್ಲ ಅಂದ ಮೇಲೆ ಕುದುರೆ ಸಾಕುವವನು ಯಾರು? ಸವಾರನನ್ನು ಮನೆಗೆ ಕಳಿಸಿದ ಸರ್ಕಾರ, ಐವತ್ತು ವರ್ಷದ ನಂತರ ಬಂದು, ತಗೋ ಒಳ್ಳೆಯ ಗಂಡು ಕುದುರೆ, ತಳಿ ಸುಧಾರಿಸು ಅಂದಿತು. ಯಾರಿಗೆ ಸ್ವಾಮಿ? ಅದೇ ಹೊತ್ತಿಗೆ ಆಸ್ಟ್ರೇಲಿಯಾದ ವೇಲರ್ ಕುದುರೆಗಳು ಹಡಗು ತುಂಬಿ ಮದರಾಸಿಗೆ ಇಳಿಯುತ್ತಿದ್ದವು. ಸೈನ್ಯ ಅವನ್ನೇ ಕೊಂಡಿತು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲು ನಮ್ಮ ಸೀಮೆಗೆ ಬಂದ ಮೇಲೆ ದೂರದ ದಾರಿಗೂ ಕುದುರೆ ಬೇಡವಾಯಿತು.

ನದಿಯ ಆಚೆ ದಡದ ಮೈಸೂರಿನಲ್ಲಿ ಕಥೆ ಬೇರೆಯಾಯಿತು. 1807ರ ಒಪ್ಪಂದದ ಪ್ರಕಾರ ಮೈಸೂರು ನಾಲ್ಕು ಸಾವಿರ ಸವಾರರನ್ನು ಇಟ್ಟುಕೊಳ್ಳಬೇಕಿತ್ತು. ಸಂಖ್ಯೆ ಆಮೇಲೆ ಇಳಿಯಿತು, ಆದರೆ ಸಿಲ್ಲೇದಾರ್ ಪಡೆ ಉಳಿಯಿತು. ಸವಾರ ಉಳಿದದ್ದಕ್ಕೇ ಕುದುರೆಯೂ ಉಳಿಯಿತು. ಟಿಪ್ಪು ಕಾಲದಿಂದ ಸೈನ್ಯದ ಕುದುರೆಗೆ ಹೆಸರಾಗಿದ್ದ ಕುಣಿಗಲ್ಲಿನ ಫಾರ್ಮು ಆ ಪಡೆಗಾಗಿ ಮುಂದುವರಿಯಿತು. ಆ ಪಡೆಯಿಂದಲೇ ಮೈಸೂರು ಲ್ಯಾನ್ಸರ್ಸ್ ಹುಟ್ಟಿತು. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಮಷಿನ್‌ಗನ್ನುಗಳ ಎದುರು ಈಟಿ ಹಿಡಿದು ನುಗ್ಗಿದವರಲ್ಲಿ ಜೋಧಪುರದವರ ಜೊತೆ ನಮ್ಮ ಮೈಸೂರಿನ ಸವಾರರೂ ಇದ್ದರು. ಸೈನ್ಯಕ್ಕೆ ಕುದುರೆ ಬೇಡವಾದ ಮೇಲೆ ಕುಣಿಗಲ್ಲಿಗೆ ಆಸರೆಯಾದದ್ದು ರೇಸು. ಥರೋಬ್ರೆಡ್ ಅಲ್ಲಿ ನೆಲೆ ನಿಂತಿದ್ದೂ ಅದಕ್ಕೇ. ಬೇಕು ಅನ್ನುವವರು ಇದ್ದರು.

ಹಾಗಾದರೆ ರಾಣೆಬೆನ್ನೂರು, ಹಾವೇರಿ ಕಡೆಯ ಜನಕ್ಕೆ ತಳಿ ಸಾಕೋದು ಗೊತ್ತಿರಲಿಲ್ಲವಾ? ಯಾರಾದರೂ ಹಾಗಂದರೆ ದೀಪಾವಳಿ ಮುಗಿದ ಮೇಲೆ ಅವರನ್ನು ಅಲ್ಲಿಗೆ ಕರಕೊಂಡು ಹೋಗಿ. ಹೋರಿ ಬೆದರಿಸುವ ಸ್ಪರ್ಧೆ ನೋಡಲಿ. ಕೊಬ್ಬರಿ ಹಾರ ಕಟ್ಟಿಕೊಂಡು ಜನದ ನಡುವೆ ನುಗ್ಗುವ ಹೋರಿಗೆ ಒಂದು ಹೆಸರು, ಒಂದು ಅಭಿಮಾನಿ ಬಳಗ. ಮನೆಯವರು ಉಂಡರೋ ಇಲ್ಲವೋ, ಹೋರಿಗೆ ಮಾತ್ರ ಹೊತ್ತಿಗೆ ಸರಿಯಾಗಿ ಮೇವು. ಅಲ್ಲಿ ಅಪಘಾತ ಆಗುತ್ತೆ, ಜೀವ ಹೋಗುತ್ತೆ, ಆ ಸುದ್ದಿಯನ್ನು ನಾನೇ ಎಷ್ಟೋ ಸಲ ಓದಿದ್ದೀನಿ. ಅದಕ್ಕೆ ಕಟ್ಟುನಿಟ್ಟು ಬೇಕೇ ಬೇಕು. ಆದರೆ ಯಾವ ಅಧಿಕಾರಿಯೂ ಮುದ್ರೆ ಒತ್ತದೆ, ಈ ಜನ ಹೋರಿಯನ್ನು ಕಾಪಾಡಿಕೊಂಡು ಬಂದಿದ್ದಾರೆ ಅನ್ನೋದೂ ನಿಜ.

ಸರ್ಕಾರ ಲೆಕ್ಕದ ಪುಸ್ತಕ ಮಾತ್ರ ನೋಡಿದರೆ ಏನಾಗುತ್ತೆ ಅನ್ನೋದಕ್ಕೆ ಅಮೃತಮಹಲ್ ಸಾಕ್ಷಿ. ಹೈದರ್, ಟಿಪ್ಪು ಕಾಲದಲ್ಲಿ ಫಿರಂಗಿ ಎಳೆದ ದನ. 1860ರಲ್ಲಿ ಖರ್ಚು ಜಾಸ್ತಿ ಅಂತ ಬ್ರಿಟಿಷರು ಆ ಮಂದೆಯನ್ನೇ ಮಾರಿ ಚದುರಿಸಿದರು. ಸೈನ್ಯಕ್ಕೆ ಎತ್ತು ಸಿಗದೆ ಪರದಾಡಿ, 1866ರಲ್ಲಿ ಮತ್ತೆ ಒಂದೊಂದಾಗಿ ಕೂಡಿಸಿದರು. ಮಾರೋಕೆ ಒಂದು ಆದೇಶ ಸಾಕು. ಕೂಡಿಸೋಕೆ ತಲೆಮಾರು ಬೇಕು.

ಈಗ ಯಾಕೆ ಈ ಹಳೇ ಕಥೆ ಅಂತೀರಾ? ಕುಣಿಗಲ್ ಫಾರ್ಮು ನಾನೂರಕ್ಕೂ ಹೆಚ್ಚು ಎಕರೆ. 1992ರಲ್ಲಿ ಮೂವತ್ತು ವರ್ಷದ ಗುತ್ತಿಗೆಗೆ ಖಾಸಗಿಯವರ ಕೈಗೆ ಹೋಯಿತು. ಅವಧಿ ಮುಗಿದ ಮೇಲೆ ಅಲ್ಲಿ ಟೌನ್‌ಶಿಪ್ ಮಾಡುವ ಪ್ರಸ್ತಾಪ ಬಂತು, ವಿರೋಧವೂ ಎದ್ದಿತು. ರೇಸು ಶ್ರೀಮಂತರ ಜೂಜು, ಅದಕ್ಕೆ ಸರ್ಕಾರಿ ಜಮೀನು ಯಾಕೆ ಅಂತ ಕೇಳೋದು ತಪ್ಪಲ್ಲ. ನಾನೂ ಕೇಳ್ತೀನಿ. ಆದರೆ ಉತ್ತರ ಸೈಟು, ಅಪಾರ್ಟ್‌ಮೆಂಟು ಅನ್ನೋದಾದರೆ ಒಪ್ಪಲ್ಲ. ಭೀಮಥಡಿ ಕುದುರೆಯನ್ನು ಪ್ರತ್ಯೇಕ ತಳಿ ಅಂತ ನಮ್ಮ ದೇಶ ಈಚಿನ ವರ್ಷಗಳಲ್ಲಿ ಕೊನೆಗೂ ಗುರುತಿಸಿದೆ. ಥರೋಬ್ರೆಡ್ಡಿಗೆ ಎರಡು ಶತಮಾನದಿಂದ ಪುಸ್ತಕ ಇದೆ, ಜವಾರಿ ಕುದುರೆಗೆ ಈಗಷ್ಟೇ ಒಂದು ಹೆಸರು ಸಿಕ್ಕಿದೆ. ಅಂಥ ತಳಿಗೆ, ಹೋರಿಗೆ, ಅಮೃತಮಹಲ್‌ಗೆ ಕುಣಿಗಲ್ಲಿನ ಲಾಯದಲ್ಲಿ ಒಂದು ಮೂಲೆ ಕೊಟ್ಟರೆ ಯಾರ ಗಂಟು ಹೋಗುತ್ತೆ?

ಬ್ರಿಟಿಷರು ಗಂಡು ಕುದುರೆ ತಂದು, ಸಾಕುವವನನ್ನು ಮರೆತರು. ನಾವು ಸಾಕುವ ಜಾಗವನ್ನೇ ಮಾರೋಕೆ ಹೊರಟಿದ್ದೀವಿ. ಸಹಿ ಹಾಕುವವರು ಒಂದು ಸಲ ದೀಪಾವಳಿಗೆ ರಾಣೆಬೆನ್ನೂರಿನ ಕಡೆ ಬಂದು ಹೋಗಲಿ.