ಹೆಬ್ಬೆಟ್ಟಿನಿಂದ ಸಹಿಗೆ, ಸಹಿಯಿಂದ ಮತ್ತೆ ಹೆಬ್ಬೆಟ್ಟಿಗೆ



ಹೆಬ್ಬೆಟ್ಟು ಅನ್ನೋದು ನಮ್ಮ ಕೇರಿಗಳಲ್ಲಿ ಬರೀ ಬೆರಳಿನ ಹೆಸರಲ್ಲ, ಬೈಗುಳ. ಏನು ಬರೆದಿದೆ ಅಂತ ಗೊತ್ತಿಲ್ಲದೆ ಸಾಲದ ಪತ್ರಕ್ಕೆ, ಜಮೀನಿನ ಪತ್ರಕ್ಕೆ ಒತ್ತಿದ ಮಸಿ ಅದು. ಬಾಬಾಸಾಹೇಬರು ಶಿಕ್ಷಣ ಅಂದಾಗ ನಮ್ಮ ಹಿರಿಯರು ಕಂಡ ಮೊದಲ ಕನಸು, ಮಕ್ಕಳು ಸಹಿ ಹಾಕಬೇಕು ಅನ್ನೋದು. ಈಗ ಸಹಿ ಕಲಿತವರಿಗೂ ಯಂತ್ರ ಹೆಬ್ಬೆಟ್ಟು ಇಡು ಅಂತಿದೆ. "ತಪ್ಪು ಮಾಡದಿದ್ರೆ ಭಯ ಯಾಕೆ?" ಅಂತ ಕೇಳ್ತಾರಲ್ಲ, ಅವರಿಗಾಗಿ ಈ ಇತಿಹಾಸ.

1858. ಬಂಗಾಳದ ಜಂಗೀಪುರ. ವಿಲಿಯಂ ಹರ್ಷೆಲ್ ಎಂಬ ಬ್ರಿಟಿಷ್ ಅಧಿಕಾರಿ ರಾಜ್ಯಧರ ಕೊನಾಯ್ ಎಂಬ ಗುತ್ತಿಗೆದಾರನ ಅಂಗೈಗೆ ಮಸಿ ಬಳಿದು ಕರಾರು ಪತ್ರದ ಮೇಲೆ ಒತ್ತಿಸಿಕೊಂಡ. ಆತ ಮುಂದೆ ಮಾತು ತಪ್ಪದಂತೆ ಹೆದರಿಸೋದೇ ತನ್ನ ಉದ್ದೇಶವಾಗಿತ್ತು ಅಂತ ಹರ್ಷೆಲ್ಲೇ ಬರೆದುಕೊಂಡಿದ್ದಾನೆ. ಈ ದೇಶದಲ್ಲಿ ಸರ್ಕಾರಿ ಬೆರಳಚ್ಚಿನ ಕಥೆ ಶುರುವಾಗಿದ್ದೇ ನಿನ್ನ ಮಾತನ್ನು ನಂಬಲ್ಲ ಅನ್ನೋದರಿಂದ.

1897ರಲ್ಲಿ ಕಲ್ಕತ್ತದಲ್ಲಿ ಬೆರಳಚ್ಚು ಬ್ಯೂರೋ ಬಂತು. ಅಚ್ಚುಗಳನ್ನು ವಿಂಗಡಿಸುವ ವಿಧಾನಕ್ಕೆ ಅಜೀಜುಲ್ ಹಕ್, ಹೇಮಚಂದ್ರ ಬೋಸ್ ದುಡಿದರು. ಹೆಸರು ಮಾತ್ರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯದಾಯ್ತು. ಇದೂ ನಮಗೆ ಹೊಸದಲ್ಲ ಬಿಡಿ.

ಅಷ್ಟರಲ್ಲಾಗಲೇ 1871ರ ಅಪರಾಧಿ ಬುಡಕಟ್ಟು ಕಾಯ್ದೆ ಇತ್ತು. ಇಡೀ ಸಮುದಾಯಗಳನ್ನೇ ಹುಟ್ಟಿನಿಂದ ಕಳ್ಳರು ಅಂತ ಪಟ್ಟಿ ಮಾಡಿದ ಕಾಯ್ದೆ. 1911ರಲ್ಲಿ ಅದನ್ನು ಬಿಗಿ ಮಾಡಿ, ಪಟ್ಟಿಯಲ್ಲಿದ್ದ ಯಾರ ಬೆರಳಚ್ಚನ್ನಾದರೂ ಯಾವಾಗ ಬೇಕಾದರೂ ತೆಗೆದುಕೊಳ್ಳಬಹುದು ಅಂದರು. ಕಳ್ಳತನ ಮಾಡಿರಲೇಬೇಕು ಅಂತೇನಿಲ್ಲ, ಆ ಜಾತಿಯಲ್ಲಿ ಹುಟ್ಟಿದ್ದರೆ ಸಾಕು. ಹುಬ್ಬಳ್ಳಿ, ಗದಗದಲ್ಲಿ ಇವತ್ತಿಗೂ 'ಸೆಟ್ಲಮೆಂಟ್' ಅಂತ ಕರೆಯೋ ಜಾಗಗಳಿವೆ. ಹುಬ್ಬಳ್ಳಿಯಲ್ಲಿ ಕೊರವರು ಮುಂತಾದವರನ್ನು ತಂತಿಬೇಲಿಯೊಳಗೆ ಕೂಡಿಹಾಕಿ ಹಾಜರಿ ತಗೊಂಡರು. 1952ರಲ್ಲಿ ಕಾಯ್ದೆ ಹೋಯ್ತು. ಪೊಲೀಸರ ಅನುಮಾನ ಹೋಗಲಿಲ್ಲ.

2010ರಲ್ಲಿ ಮೊದಲ ಆಧಾರ್ ಕೊಟ್ಟಿದ್ದು ಎಲ್ಲಿ? ಮಹಾರಾಷ್ಟ್ರದ ನಂದುರ್‌ಬಾರ್ ಜಿಲ್ಲೆಯ ಟೆಂಭ್ಲಿ ಅನ್ನೋ ಆದಿವಾಸಿಗಳ ಹಳ್ಳಿಯಲ್ಲಿ. ಪ್ರಯೋಗಕ್ಕೆ ಯಾವಾಗಲೂ ಬಡವರ ಮೈಯೇ ಮೊದಲು.

ಇದನ್ನು ಪ್ರಶ್ನಿಸಿದವರಲ್ಲಿ ನಮ್ಮ ರಾಜ್ಯದವರಿದ್ದಾರೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಕೆಜಿಎಫ್‌ನ ಪೌರಕಾರ್ಮಿಕರ ಮನೆಯಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಕೂಡ ಅರ್ಜಿದಾರರು. ಮಲ ಹೊರುವ ಪದ್ಧತಿ ವಿರುದ್ಧ ಹೋರಾಡಿದ ಮನುಷ್ಯ ಖಾಸಗಿತನದ ಕೇಸಿನಲ್ಲಿ ಯಾಕಿದ್ದರು ಅಂತ ಯೋಚಿಸಿ. ಆ ಕೆಲಸ ಬಿಟ್ಟರೂ ದಾಖಲೆ ಬೆನ್ನು ಬಿಡದಿದ್ದರೆ ಏನಾಗುತ್ತೆ ಅನ್ನೋದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು: ಖಾಸಗಿತನ ಮೂಲಭೂತ ಹಕ್ಕು. ಮರುವರ್ಷ ಆಧಾರ್ ತೀರ್ಪು ಬಂತು. ಬ್ಯಾಂಕ್ ಖಾತೆಗೆ, ಮೊಬೈಲ್ ಸಿಮ್‌ಗೆ ಆಧಾರ್ ಕಡ್ಡಾಯ ಮಾಡುವಂತಿಲ್ಲ ಅಂದಿತು ಕೋರ್ಟು. ರೇಷನ್ನಿಗೆ, ಸರ್ಕಾರಿ ಸವಲತ್ತಿಗೆ ಉಳಿಸಿತು. ಅಂದರೆ ಸಿಮ್ ಕೊಳ್ಳುವವನಿಗೆ ಬೇಡ ಅನ್ನೋ ಹಕ್ಕಿದೆ, ಅಕ್ಕಿಗೆ ಕ್ಯೂ ನಿಂತವಳಿಗಿಲ್ಲ.

ನಾನು ಗುಮಾಸ್ತ. ದಿನಾ ಜನರನ್ನು ನೋಡ್ತೀನಿ. ಕಲ್ಲು ಒಡೆದವರ, ಪಾತ್ರೆ ತಿಕ್ಕಿದವರ ಬೆರಳಿನ ಗೆರೆ ಸವೆದಿರುತ್ತೆ. ಯಂತ್ರ ಅವರನ್ನು ಅವರಲ್ಲ ಅನ್ನುತ್ತೆ. ದುಡಿದದ್ದಕ್ಕೇ ಶಿಕ್ಷೆ.

2022ರ ಕಾಯ್ದೆ ಇನ್ನೂ ಮುಂದೆ ಹೋಯ್ತು. ಶಿಕ್ಷೆಯಾಗಿರಬೇಕಿಲ್ಲ, ಬಂಧನವಾದರೂ ಬೆರಳು, ಅಂಗೈ, ಕಣ್ಣಿನ ಅಚ್ಚು ತೆಗೆಯಬಹುದು. 75 ವರ್ಷ ಇಡಬಹುದು. ಬಿಡುಗಡೆಯಾದರೆ ಅಳಿಸಬೇಕು ಅಂತಿದೆ ನಿಜ, ಆದರೆ ಕೇಸು ಮುಗಿಯೋಕೆ ಎಷ್ಟು ವರ್ಷ? ಅನುಮಾನದ ಮೇಲೆ ಮೊದಲು ಎಳೆದೊಯ್ಯೋದು ಯಾವ ಕೇರಿಯವರನ್ನ?

ಪಾಸ್‌ವರ್ಡ್ ಸೋರಿದರೆ ಬದಲಿಸಬಹುದು, ಬೆರಳನ್ನಲ್ಲ. ಅದಕ್ಕೇ ನಮ್ಮ ಬೇಡಿಕೆ ಮೂರು: ಬೆರಳು ಹೊಂದಲಿಲ್ಲ ಅಂತ ಒಂದು ಕಾಳೂ ತಡೆಯಬಾರದು. ತೆಗೆದುಕೊಂಡದ್ದು ಯಾರ ಕೈಲಿದೆ ಅಂತ ಹೇಳಬೇಕು. ನಿರಪರಾಧಿಯದ್ದನ್ನು ಕೇಳದೆಯೇ ಅಳಿಸಬೇಕು.

ಖಾಸಗಿತನ ಉಳ್ಳವರ ಶೋಕಿ ಅಂತ ಯಾರಾದ್ರೂ ಅಂದರೆ, ಸೆಟ್ಲಮೆಂಟಿನ ಹಿರಿಯರನ್ನು ಕೇಳಿ ಅನ್ನಿ.