ಮನೋರೋಗದ ಮಾತ್ರೆ ಪಾರ್ಶ್ವವಾಯುವಿನಿಂದ ಮೆದುಳನ್ನು ಉಳಿಸುತ್ತಾ? ಲಿಥಿಯಂ, ವಾಲ್ಪ್ರೋಯೇಟ್ ಬಗ್ಗೆ ತಿಳಿದಿರುವುದೇನು?

ಬೈಪೋಲಾರ್ ಕಾಯಿಲೆಗೆ ವೈದ್ಯರು ದಶಕಗಳಿಂದ ಬರೆದುಕೊಡುತ್ತಿರುವ ಲಿಥಿಯಂ ಮತ್ತು ವಾಲ್ಪ್ರೋಯೇಟ್ ಮಾತ್ರೆಗಳು, ರಕ್ತ ಪೂರೈಕೆ ಕಡಿಮೆಯಾದಾಗ ಸಾಯುವ ಮೆದುಳಿನ ಕೋಶಗಳನ್ನು ಕಾಪಾಡಬಲ್ಲವೇ? ಇಲಿಗಳ ಮೇಲಿನ ಪ್ರಯೋಗಗಳು ಹೌದು ಎನ್ನುತ್ತವೆ. ಮನುಷ್ಯರ ವಿಷಯದಲ್ಲಿ ಇದು ಇನ್ನೂ ಸಾಬೀತಾಗಿಲ್ಲ.

ನಮ್ಮ ದೇಹದ ತೂಕದಲ್ಲಿ ಮೆದುಳಿನ ಪಾಲು ಸುಮಾರು ಶೇ.2 ಮಾತ್ರ. ಆದರೆ ಆಮ್ಲಜನಕದಲ್ಲಿ ಶೇ.20ರಷ್ಟನ್ನು ಅದೇ ಬಳಸುತ್ತದೆ. ದೊಡ್ಡ ರಕ್ತನಾಳವೊಂದು ಮುಚ್ಚಿಕೊಂಡರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ನಾಶವಾಗುತ್ತವೆ ಎಂದು 2006ರಲ್ಲಿ ಲೆಕ್ಕ ಹಾಕಲಾಗಿತ್ತು. ರಕ್ತ ಪೂರ್ತಿ ನಿಂತ ಜಾಗ ಬೇಗನೆ ಸಾಯುತ್ತದೆ. ಅದರ ಸುತ್ತಲಿನ ಭಾಗ ಅರೆಹೊಟ್ಟೆಯಲ್ಲಿ ಕೆಲವು ಗಂಟೆ ಬದುಕಿರುತ್ತದೆ. ಅಲ್ಲಿ ಗ್ಲುಟಮೇಟ್ ಎಂಬ ರಾಸಾಯನಿಕ ಮಿತಿಮೀರಿ ಸುರಿದು, ಕೋಶದೊಳಗೆ ಕ್ಯಾಲ್ಸಿಯಂ ನುಗ್ಗಿ, ಕೊನೆಗೆ ಕೋಶವೇ ಸಾಯುತ್ತದೆ. ಈ ಅರೆಜೀವದ ಭಾಗವನ್ನು ಉಳಿಸಿಕೊಳ್ಳುವುದೇ ಸಂಶೋಧಕರ ಗುರಿ.

ಉನ್ಮಾದಕ್ಕೆ ಲಿಥಿಯಂ ಮದ್ದಾಗಬಲ್ಲದು ಎಂದು 1949ರಲ್ಲಿ ತೋರಿಸಿದವರು ಆಸ್ಟ್ರೇಲಿಯಾದ ಮನೋವೈದ್ಯ ಜಾನ್ ಕೇಡ್. ಸುಮಾರು ಅರ್ಧ ಶತಮಾನದ ನಂತರ, 1998ರಲ್ಲಿ, ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಡಿ-ಮಾವ್ ಚುವಾಂಗ್ ತಂಡ ಹೊಸ ಸಂಗತಿ ಹೇಳಿತು. ಮೊದಲೇ ಹಲವು ದಿನ ಲಿಥಿಯಂ ಕೊಟ್ಟ ಇಲಿಗಳಲ್ಲಿ ರಕ್ತನಾಳ ಮುಚ್ಚಿದಾಗ ಮೆದುಳಿನ ಹಾನಿ ಕಡಿಮೆ ಇತ್ತು. ಆದರೆ ಲಕ್ವ ಹೊಡೆಯುವ ಮುನ್ನವೇ ಯಾರು ಮಾತ್ರೆ ನುಂಗಿ ಕಾಯುತ್ತಾರೆ? ಹಾಗಾಗಿ 2003ರ ಪ್ರಯೋಗವೇ ಹೆಚ್ಚು ಮುಖ್ಯ. ಆಗ ರಕ್ತ ತಡೆದ ನಂತರ ಔಷಧ ಕೊಟ್ಟರೂ ಹಾನಿ ತಗ್ಗಿತು, ಇಲಿಗಳು ಚೇತರಿಸಿಕೊಂಡವು. ಜಿಎಸ್‌ಕೆ-3 ಎಂಬ ಕಿಣ್ವವನ್ನು ಲಿಥಿಯಂ ತಡೆಯುವುದು ಮತ್ತು ಗ್ಲುಟಮೇಟ್‌ನ ಹಾವಳಿಯನ್ನು ಕುಗ್ಗಿಸುವುದು ಇದಕ್ಕೆ ಕಾರಣ ಎನ್ನಲಾಗುತ್ತದೆ.

ವಾಲ್ಪ್ರೋಯೇಟ್ ಕಥೆ ಇನ್ನೂ ವಿಚಿತ್ರ. 1882ರಲ್ಲೇ ತಯಾರಾದರೂ ಬಹುಕಾಲ ಅದು ಬೇರೆ ವಸ್ತುಗಳನ್ನು ಕರಗಿಸುವ ದ್ರವವಾಗಿತ್ತು ಅಷ್ಟೆ. ಅದು ಮೂರ್ಛೆರೋಗ ತಡೆಯುತ್ತದೆ ಎಂದು ಫ್ರಾನ್ಸ್‌ನಲ್ಲಿ ಗೊತ್ತಾಗಿದ್ದು 1960ರ ದಶಕದಲ್ಲಿ. ಇಲಿಗಳ ಮೆದುಳಿನಲ್ಲಿ ಎಚ್‌ಎಸ್‌ಪಿ-70 ಎಂಬ ರಕ್ಷಕ ಪ್ರೋಟೀನನ್ನು ಅದು ಹೆಚ್ಚಿಸಿ ಹಾನಿ ತಗ್ಗಿಸಿದ್ದನ್ನು ಚುವಾಂಗ್ ತಂಡವೇ 2004ರಲ್ಲಿ ವರದಿ ಮಾಡಿತು.

ಇಲಿಯಿಂದ ಮನುಷ್ಯರತ್ತ ಬಂದಾಗ ಉತ್ಸಾಹ ಇಳಿಯುತ್ತದೆ. 2014ರಲ್ಲಿ ಪ್ರಕಟವಾದ ಇರಾನ್‌ನ ಸಣ್ಣ ಪ್ರಯೋಗದಲ್ಲಿ ಲಿಥಿಯಂ ಪಡೆದ ಪಾರ್ಶ್ವವಾಯು ರೋಗಿಗಳ ಒಟ್ಟಾರೆ ಚೇತರಿಕೆಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಮೆದುಳಿನ ಹೊರಪದರಕ್ಕೆ ಪೆಟ್ಟಾದವರಲ್ಲಿ ಮಾತ್ರ ಒಂದಿಷ್ಟು ಲಾಭ ಕಂಡಿತು. ಇಂಥ ನಿರಾಸೆ ಈ ಕ್ಷೇತ್ರಕ್ಕೆ ಹೊಸದಲ್ಲ. ಎನ್‌ಎಕ್ಸ್‌ವೈ-059 ಎಂಬ ಔಷಧ 2006ರ ಪ್ರಯೋಗದಲ್ಲಿ ಭರವಸೆ ಹುಟ್ಟಿಸಿ, ಮರುವರ್ಷ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಸೋತಿತು. ಪ್ರಯೋಗಾಲಯದ ಇಲಿ ಸಾಮಾನ್ಯವಾಗಿ ಎಳೆಯದು, ಆರೋಗ್ಯವಂತ. ನಮ್ಮ ರೋಗಿಗಳಿಗೆ ವಯಸ್ಸಾಗಿರುತ್ತದೆ, ಜೊತೆಗೆ ಬಿಪಿ, ಶುಗರ್ ಇರುತ್ತದೆ.

ಆದ್ದರಿಂದ ಮೆದುಳಿಗೆ ಒಳ್ಳೆಯದೆಂದು ಯಾರೂ ತಾವಾಗಿಯೇ ಈ ಮಾತ್ರೆ ಶುರು ಮಾಡಬಾರದು. ಲಿಥಿಯಂನಲ್ಲಿ ಮದ್ದಿಗೂ ವಿಷಕ್ಕೂ ಅಂತರ ತೀರಾ ಕಡಿಮೆ. ಅದಕ್ಕೇ ಆಗಾಗ ರಕ್ತ ಪರೀಕ್ಷೆ ಮಾಡಿಸುತ್ತಾರೆ. ವಾಂತಿ-ಭೇದಿಯಿಂದ ನಿರ್ಜಲೀಕರಣವಾದರೆ, ಐಬುಪ್ರೊಫೆನ್ ಅಥವಾ ಕೆಲವು ಬಿಪಿ ಮಾತ್ರೆ ಜೊತೆಗೂಡಿದರೆ ರಕ್ತದಲ್ಲಿ ಅದರ ಮಟ್ಟ ಏರಬಹುದು. ವಾಲ್ಪ್ರೋಯೇಟ್ ಗರ್ಭಿಣಿಯರಲ್ಲಿ ಮಗುವಿಗೆ ಅಪಾಯಕಾರಿ. ಪಾರ್ಶ್ವವಾಯುವಿನ ನಂತರ ಅನೇಕರಿಗೆ ಕೊಡುವ ಆಸ್ಪಿರಿನ್ ಜೊತೆ ಸೇರಿದರೆ ಅದರ ಪರಿಣಾಮವೂ ಹೆಚ್ಚಬಹುದು. ಈಗಾಗಲೇ ಬೈಪೋಲಾರ್‌ಗೆ ಇವನ್ನು ಸೇವಿಸುತ್ತಿರುವವರು ಏಕಾಏಕಿ ನಿಲ್ಲಿಸುವುದೂ ತಪ್ಪು, ಕಾಯಿಲೆ ಮರುಕಳಿಸಬಹುದು.

ಬಾಯಿ ಸೊಟ್ಟಗಾದರೆ, ಒಂದು ಕೈ ಬಲ ಕಳೆದುಕೊಂಡರೆ, ಮಾತು ತೊದಲಿದರೆ ತಕ್ಷಣ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗಬೇಕು. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಅನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ರೋಗಿ ಲಿಥಿಯಂ ಅಥವಾ ವಾಲ್ಪ್ರೋಯೇಟ್ ಸೇವಿಸುತ್ತಿದ್ದರೆ, ಆ ಮಾತ್ರೆ ಚೀಟಿಯನ್ನೂ ಜೊತೆಗೆ ಒಯ್ದು ತುರ್ತು ವಿಭಾಗದ ವೈದ್ಯರಿಗೆ ಮೊದಲೇ ತೋರಿಸಿ.