ಹಡಗಿನ ಇಂಜಿನ್ ರೂಮಿಗೆ ಬೆಂಕಿ ಬೀಳುವುದು ಹೇಗೆ?

2025ರ ಜೂನ್ 29ರಂದು ಕಾಂಡ್ಲಾದಿಂದ ಒಮಾನ್‌ನ ಶಿನಾಸ್‌ಗೆ ಹೊರಟಿದ್ದ ‘ಯಿ ಚೆಂಗ್ 6’ ಟ್ಯಾಂಕರ್‌ನ ಇಂಜಿನ್ ರೂಮಿನಲ್ಲಿ ಬೆಂಕಿ ಎದ್ದಿತು, ಕರೆಂಟೂ ಹೋಯಿತು. ಹಡಗಿನಲ್ಲಿ ಭಾರತ ಮೂಲದ 14 ಮಂದಿ ಇದ್ದರು. ನೆರವಿಗೆ ಧಾವಿಸಿದ್ದು ನಮ್ಮ ನೌಕಾಪಡೆಯ ‘ಐಎನ್‌ಎಸ್ ತಬರ್’.

ಇಂಜಿನ್ ರೂಮಿನ ಬೆಂಕಿಗೆ ಮುಖ್ಯ ಕಾರಣಗಳಲ್ಲೊಂದು ಇಂಧನ ಸೋರಿಕೆ. ಪಂಪಿನಿಂದ ಇಂಜೆಕ್ಟರ್‌ಗೆ ಹೋಗುವ ಪೈಪಿನಲ್ಲಿ ಒತ್ತಡ ವಿಪರೀತ. ಇಂಜಿನ್ ಅದುರಿ ಅದುರಿ ನಟ್ ಸಡಿಲವಾದರೆ ಅಥವಾ ಪೈಪ್ ಬಿರುಕು ಬಿಟ್ಟರೆ ಇಂಧನ ಬರೀ ತೊಟ್ಟಿಕ್ಕುವುದಿಲ್ಲ, ಮಂಜಿನಂತೆ ಚಿಮ್ಮುತ್ತದೆ. ಕಾದ ಎಕ್ಸಾಸ್ಟ್ ಪೈಪಿಗೋ ಟರ್ಬೋಚಾರ್ಜರಿಗೋ ತಾಗಿದರೆ ಸಾಕು, ಕಿಡಿ ಇಲ್ಲದೆಯೇ ಹೊತ್ತಿಕೊಳ್ಳುತ್ತದೆ.

ಅದಕ್ಕೇ ‘ಸೋಲಾಸ್’ ಎಂಬ ಅಂತಾರಾಷ್ಟ್ರೀಯ ಒಪ್ಪಂದದಲ್ಲಿ ನಿಯಮಗಳಿವೆ:

* ಸೋರಿಕೆ ತಗಲಬಹುದಾದ, 220 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾಯುವ ಭಾಗಗಳಿಗೆ ಹೊದಿಕೆ ಇರಬೇಕು.
* ಹೆಚ್ಚಿನ ಒತ್ತಡದ ಇಂಧನ ಪೈಪಿಗೆ ಹೊರಗವಚ, ಸೋರಿದರೆ ತಿಳಿಸುವ ಅಲಾರಂ ಬೇಕು.
* ಟ್ಯಾಂಕಿನ ವಾಲ್ವನ್ನು ಇಂಜಿನ್ ರೂಮಿನ ಹೊರಗಿನಿಂದಲೇ ಮುಚ್ಚುವಂತಿರಬೇಕು.

ಬೆಂಕಿ ಕೈಮೀರಿದರೆ ಇಂಧನ, ಗಾಳಿ ಎರಡನ್ನೂ ನಿಲ್ಲಿಸಿ ಕಾರ್ಬನ್ ಡೈಆಕ್ಸೈಡ್ ಬಿಡುತ್ತಾರೆ. ಆದರೆ ಅದಕ್ಕೂ ಮೊದಲು ತಲೆ ಎಣಿಸಲೇಬೇಕು. ಒಳಗೆ ಒಬ್ಬ ಉಳಿದರೂ ಆ ಅನಿಲವೇ ಅವನ ಜೀವ ತೆಗೆಯುತ್ತದೆ.

ಹಡಗಿನ ಕೆಲಸಕ್ಕೆ ಹೊರಟ ಹುಡುಗರಿಗೆ ಅಗ್ನಿಶಮನ ತರಬೇತಿ ಕಡ್ಡಾಯ. ಸರ್ಟಿಫಿಕೇಟ್ ಸಿಕ್ಕಿತು ಅಂತ ಕಲಿತದ್ದನ್ನು ಮರೆಯಬೇಡಿ. ರಿಪೇರಿಗೆ ಬಿಚ್ಚಿದ ಹೊದಿಕೆಯನ್ನು ಮತ್ತೆ ಹಾಕಿ. ಸಣ್ಣ ಸೋರಿಕೆ ಕಂಡರೂ ಬಟ್ಟೆಯಲ್ಲಿ ಒರೆಸಿ ಸುಮ್ಮನಾಗದೆ ತಕ್ಷಣ ಮೇಲಿನವರಿಗೆ ಹೇಳಿ. ಬಾಗಲೂರಿನ ನಮ್ಮಂಥ ಅಂಗಡಿಯವರ ಡೀಸೆಲ್ ಜನರೇಟರಿಗೂ ಇದೇ ಮಾತು.